‘ಎಲ್ಲಾ ಸೇರಿ ಎಷ್ಟು?’ ಅಂತ ಕೇಳಬೇಡಿ

ಕಳೆದ ದೀಪಾವಳಿ ರಜೆಯಲ್ಲಿ ನಾವು ರಾಮದುರ್ಗದಲ್ಲಿ ಒಂದು ಮನೆ ಖರೀದಿ ಮಾಡೋಕೆ ಹೊರಟಿದ್ವಿ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಹೊಳಿ ಏರಿ ಬಂದಾಗ ಹಳ್ಳಿಯಲ್ಲಿದ್ದ ನಮ್ಮ ಮಣ್ಣಿನ ಗೋಡೆಯ ಮನೆ ಬಿದ್ದಿತ್ತು. ಅಂದಿನಿಂದ ಊರೊಳಗೆ ಬಾಡಿಗೆ ಮನೆ, ಈಗ ತಿಂಗಳಿಗೆ ಆರು ಸಾವಿರ. ಆರು ವರ್ಷ ಕೂಡಿಟ್ಟ ದುಡ್ಡು, ಉಳಿದದ್ದು ಬ್ಯಾಂಕ್ ಸಾಲ, ಮನೆಯ ಬೆಲೆ 30 ಲಕ್ಷ.

ಬೆಲೆ ಕುದುರಿದ ಮೇಲೆ ಉಳಿದದ್ದು ಖರೀದಿ ಪತ್ರ ಮಾಡಿಸೋ ಕೆಲಸ. ಅಪ್ಪ ಮೂರು ಕಡೆ ವಿಚಾರಿಸಿದರು. ಮೂರೂ ಕಡೆ ಕೇಳಿದ್ದು ಒಂದೇ ಪ್ರಶ್ನೆ: “ಎಲ್ಲಾ ಸೇರಿ ಎಷ್ಟ ಆಗತೈತ್ರಿ?” ಒಬ್ಬ ಬಾಂಡ್ ರೈಟರ್ 2,45,000 ಅಂದರು. ಇನ್ನೊಬ್ಬರು 2,40,000ಕ್ಕೆ ಮಾಡಿಕೊಡ್ತೀನಿ ಅಂದರು. ಮೂರನೆಯವರು ವಕೀಲರು. ಅವರು ಒಟ್ಟು ಮೊತ್ತ ಹೇಳಲೇ ಇಲ್ಲ. “ಸರ್ಕಾರದ್ದು ನೀವ ಕಟ್ರಿ. ಕಾಗದ ಪತ್ರ ನೋಡಾಕ 15 ಸಾವಿರ, ಪತ್ರ ಬರಿಯಾಕ 8 ಸಾವಿರ” ಅಂದರು. ನಾವು ಕೂಡಿಸಿ ನೋಡಿದರೆ 2,51,000 ಆಯ್ತು. ಮನೆಯಲ್ಲಿ ಎಲ್ಲರೂ ಸೇರಿ ಆರಿಸಿದ್ದು 2,40,000ದವರನ್ನ. ಹನ್ನೊಂದು ಸಾವಿರ ಉಳೀತು ಅಂತ ಖುಷಿಪಟ್ಟವರಲ್ಲಿ ನಾವಿಬ್ಬರು ಮಕ್ಕಳೂ ಇದ್ವಿ. ಇಂಜಿನಿಯರಿಂಗ್ ಓದ್ತಿರೋರು, ಕ್ಯಾಲ್ಕುಲೇಟರ್ ನಮ್ಮ ಕೈಯಲ್ಲೇ ಇತ್ತು.

ನಮ್ಮ ಲೆಕ್ಕ ಎಲ್ಲಿ ತಪ್ಪಿತು ಅಂತ ಹೇಳೋಕೇ ಈ ಬರಹ. ನಾಳೆ ನಿಮ್ಮ ಮನೆಯಲ್ಲೂ ಯಾರಾದರೂ ಇದೇ ಪ್ರಶ್ನೆ ಕೇಳ್ತಾರೆ.

ಮೊದಲು ಆ ಮೊತ್ತವನ್ನು ಬಿಡಿಸಿ ನೋಡೋಣ. ಕರ್ನಾಟಕದಲ್ಲಿ ಇಂಥ ಮನೆ ಕೊಂಡರೆ ಮುದ್ರಾಂಕ ಶುಲ್ಕ ಶೇಕಡಾ 5. ಆ ಶುಲ್ಕದ ಮೇಲೆ ಶೇಕಡಾ 10 ಸೆಸ್, ಪಟ್ಟಣದಲ್ಲಾದರೆ ಶೇಕಡಾ 2 ಸರ್ಚಾರ್ಜ್. ನೋಂದಣಿ ಶುಲ್ಕ ಮೊದಲು ಶೇಕಡಾ 1 ಇತ್ತು, 2025ರ ಆಗಸ್ಟ್ 31ರಿಂದ 2 ಆಗಿದೆ. ಒಟ್ಟು ಶೇಕಡಾ 7.6. ಪತ್ರದಲ್ಲಿ ಬರೆದ ಬೆಲೆ, ಸರ್ಕಾರದ ಮಾರ್ಗಸೂಚಿ ದರ ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಈ ಲೆಕ್ಕ. 30 ಲಕ್ಷಕ್ಕೆ 1,50,000 ಮುದ್ರಾಂಕ, 15,000 ಸೆಸ್, 3,000 ಸರ್ಚಾರ್ಜ್, 60,000 ನೋಂದಣಿ. ಕೂಡಿಸಿದರೆ 2,28,000. ಯಾರ ಕೈಯಲ್ಲಿ ಬರೆಸಿದರೂ ಇದು ಒಂದು ರೂಪಾಯಿ ಹೆಚ್ಚೂ ಆಗಲ್ಲ, ಕಡಿಮೆಯೂ ಆಗಲ್ಲ. ಕಾವೇರಿ 2.0ರಲ್ಲಿ ಮನೆಯಲ್ಲೇ ಕೂತು ಈ ಲೆಕ್ಕ ನೋಡಬಹುದು, ಹಣ ಕಟ್ಟಬಹುದು, ಕರಡು ಪತ್ರ ಹಾಕಿ ಸಬ್ ರಜಿಸ್ಟ್ರಾರ್ ಕಚೇರಿಗೆ ಹೋಗುವ ದಿನವನ್ನೂ ಗೊತ್ತುಮಾಡಬಹುದು.

ಅಂದರೆ ನಾವು ಹೋಲಿಸಬೇಕಾಗಿದ್ದು ಎರಡೂವರೆ ಲಕ್ಷದ ಹತ್ತಿರದ ಮೂರು ಮೊತ್ತಗಳನ್ನಲ್ಲ. ಹನ್ನೆರಡು, ಹದಿನೇಳು, ಇಪ್ಪತ್ಮೂರು ಸಾವಿರಗಳನ್ನ. ಅದರಲ್ಲೂ ಹನ್ನೆರಡು ಮತ್ತು ಹದಿನೇಳು ಬರೀ ಪತ್ರ ಬರೆಯೋ, ಓಡಾಡೋ ಮಜೂರಿ. ಇಪ್ಪತ್ಮೂರರೊಳಗೆ ಇನ್ನೊಂದು ಕೆಲಸ ಇತ್ತು: ಈ ಮನೆ ಮಾರೋ ಹಕ್ಕು ಇವರಿಗೆ ನಿಜವಾಗಿ ಇದೆಯಾ ಅಂತ ನೋಡೋದು. ನಾವು ಬೇಡ ಅಂದಿದ್ದು ಆ ಕೆಲಸವನ್ನ, ಅದೂ ಬೇಡ ಅಂತಿದ್ದೀವಿ ಅನ್ನೋದೇ ಗೊತ್ತಿಲ್ಲದೆ.

ಮೂರು ಲಕ್ಷ ಸಂಚಕಾರ ಕೊಟ್ವಿ. ಆಮೇಲೆ ಸಾಲ ಕೊಡೋ ಬ್ಯಾಂಕಿನ ವಕೀಲರು ಕಾಗದ ನೋಡಿ ಒಂದೇ ಮಾತು ಕೇಳಿದರು: “ಮಾರಾಂವನ ಅಕ್ಕ-ತಂಗ್ಯಾರ ಸಹಿ ಎಲ್ಲಿ?”

ಮನೆ ಇದ್ದದ್ದು ಮಾರುವವರ ಅಪ್ಪನ ಹೆಸರಿನಲ್ಲಿ. ಅವರು ಮೃತ್ಯುಪತ್ರ ಬರೆಯದೆ ತೀರಿಕೊಂಡಿದ್ದರು. ಆಮೇಲೆ ಪುರಸಭೆಯ ಖಾತಾ ಮಗನ ಹೆಸರಿಗೆ ಬಂದಿತ್ತು. ನಾವು ಖಾತಾ ನೋಡಿದ್ವಿ, 2004ರಿಂದ ಈಚೆಗಿನ ಇ.ಸಿ. ನೋಡಿದ್ವಿ, ಎಲ್ಲ ಕ್ಲೀನ್ ಅಂದ್ಕೊಂಡ್ವಿ. ಆದರೆ ಖಾತಾ ಅನ್ನೋದು ತೆರಿಗೆ ಯಾರು ಕಟ್ಟಬೇಕು ಅನ್ನೋದರ ದಾಖಲೆ, ಮಾಲೀಕತ್ವದ ಪುರಾವೆ ಅಲ್ಲ. ಇ.ಸಿ.ಯಲ್ಲಿ ಬರೋದು ಆ ಅವಧಿಯಲ್ಲಿ ನೋಂದಣಿಯಾದ ಪತ್ರಗಳು ಮಾತ್ರ. ಮಗಳ ಪಾಲು ಯಾವ ಪತ್ರದಲ್ಲೂ ನೋಂದಣಿಯಾಗಿ ಹುಟ್ಟೋದಿಲ್ಲ. ಆಸ್ತಿ ಅಪ್ಪನ ಸ್ವಂತ ದುಡಿಮೆಯದಾದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಮಗಳಿಗೂ ಮಗನಷ್ಟೇ ಪಾಲು. ಪಿತ್ರಾರ್ಜಿತವಾದರೆ 2005ರ ತಿದ್ದುಪಡಿ ಇದೆ. ಆ ಹಕ್ಕು ಹುಟ್ಟಿನಿಂದಲೇ ಬರೋದು ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದನ್ನು ಹಿಡಿಯೋಕೆ ವಂಶಾವಳಿ ತರಿಸಿ, ಯಾರ್ಯಾರು ಇದ್ದಾರೆ ಅಂತ ಕೇಳಬೇಕು. ಆ 15 ಸಾವಿರ ಇದ್ದದ್ದು ಈ ಪ್ರಶ್ನೆಗೆ.

‘ಸಬ್ ರಜಿಸ್ಟ್ರಾರ್ ನೋಡ್ತಾರಲ್ಲ’ ಅಂತ ನಾವೂ ಅಂದ್ಕೊಂಡಿದ್ವಿ. ಅವರು ನೋಡೋದು ಶುಲ್ಕ ಸರಿಯಾಗಿದೆಯಾ, ಸಹಿ ಮಾಡೋರು ಅವರೇನಾ, ಬೇಕಾದ ಕಾಗದ ಲಗತ್ತಾಗಿದೆಯಾ ಅಂತ. 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಒಂದು ನೋಂದಣಿ ನಿಯಮವನ್ನು ರದ್ದು ಮಾಡುವಾಗ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ಮಾರುವವರಿಗೆ ಹಕ್ಕಿದೆಯೋ ಇಲ್ಲವೋ ಅನ್ನೋ ತೀರ್ಮಾನ ನೋಂದಣಿ ಅಧಿಕಾರಿಯ ಕೆಲಸ ಅಲ್ಲ. ‘ಬ್ಯಾಂಕಿನವರು ನೋಡ್ತಾರಲ್ಲ’ ಅನ್ನೋದೂ ಅರ್ಧ ಸತ್ಯ. ಅವರು ನೋಡೋದು ಬ್ಯಾಂಕಿನ ಸಾಲಕ್ಕಾಗಿ, ಅದೂ ನಮ್ಮಲ್ಲಿ ಸಂಚಕಾರ ಕೊಟ್ಟಾದ ಮೇಲೆ. ನಮ್ಮ ಬಂಧು-ಬಳಗದಲ್ಲಿ ಎಷ್ಟೋ ಜನ ಸಾಲ ಇಲ್ಲದೆ ಪ್ಲಾಟ್ ತಗೊಂಡಿದ್ದಾರೆ. ಅವರನ್ನ ಈ ಪ್ರಶ್ನೆ ಯಾರು ಕೇಳಿದ್ದರು?

ಕಿರಿಯ ತಂಗಿ ಬಂದು ಸಹಿ ಮಾಡಿದರು. ಹಿರಿಯಕ್ಕ ಒಪ್ಪಲಿಲ್ಲ. “ನನ್ನ ಪಾಲು ಕೊಟ್ರ ಸಹಿ” ಅಂದರು. ಒಪ್ಪಂದ ಆಗೋಕೆ ನಾಲ್ಕು ತಿಂಗಳು ಹಿಡೀತು. ನಾಲ್ಕು ತಿಂಗಳ ಬಾಡಿಗೆ 24 ಸಾವಿರ, ನಾವು ಉಳಿಸಿದ ಹನ್ನೊಂದು ಸಾವಿರದ ಎರಡು ಪಟ್ಟಿಗಿಂತ ಹೆಚ್ಚು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಆ ಹಿರಿಯಕ್ಕನ್ನ ಬೈದದ್ದೇ ಬೈದದ್ದು. ನಾವೂ ದನಿಗೂಡಿಸಿದ್ವಿ. ಒಂದು ಸಂಜೆ ನಮ್ಮ ಸೋದರತ್ತಿ ಸುಮ್ಮನೆ ಅಂದರು: “ನಾನೂ ನಿಮ್ಮಪ್ಪಗ ಹಂಗ ಸಹಿ ಮಾಡಿ ಕೊಟ್ಟೀನಿ. ನನ್ನ ಯಾರೂ ಕೇಳಲೇ ಇಲ್ಲ.” ಆಮೇಲೆ ಬೈಗುಳ ನಿಂತಿತು.

ಇದರಲ್ಲಿ ಬಾಂಡ್ ರೈಟರ್ ಮೋಸ ಮಾಡಿದರು ಅಂತ ನಾವು ಹೇಳ್ತಿಲ್ಲ. ಅವರು ಹೇಳಿದ ಕೆಲಸ ಮಾಡಿದರು. ಕಾವೇರಿ, ಓಟಿಪಿ, ಇ-ಖಾತಾ ಅಂದರೆ ಹೆದರೋ ಎಷ್ಟೋ ಮಂದಿಗೆ ಅವರೇ ದಿಕ್ಕು. ತಪ್ಪು ಇರೋದು ಪ್ರಶ್ನೆಯಲ್ಲಿ. ‘ಎಲ್ಲಾ ಸೇರಿ’ ಅಂತ ಕೇಳಿದಾಗ, ಮೊತ್ತ ಕಡಿಮೆ ಮಾಡೋಕೆ ಇರೋ ಸುಲಭ ದಾರಿ ಕಾಣದ ಕೆಲಸವನ್ನು ಬಿಡೋದು. ಹಾಗೆ ಬಿಟ್ಟದ್ದು ಗಿರಾಕಿಗೆ ಗೊತ್ತೇ ಆಗಲ್ಲ.

ಹೋಲಿಸೋಣ ಅಂದರೂ ದರ ಎಲ್ಲಿ ಸಿಗುತ್ತೆ? ಬಾರ್ ಕೌನ್ಸಿಲ್‌ನ 36ನೇ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಡುವಂತಿಲ್ಲ. ವಕೀಲಿಕೆ ಅಂಗಡಿ ಆಗಬಾರದು ಅನ್ನೋ ಉದ್ದೇಶ ಒಳ್ಳೆಯದೇ. ಆದರೆ ಇಂಗ್ಲೆಂಡ್‌ನಲ್ಲಿ 2018ರ ಡಿಸೆಂಬರ್‌ನಿಂದ, ಮನೆ ಖರೀದಿಯ ಕೆಲಸ ಮಾಡ್ತೀವಿ ಅನ್ನೋ ಸಾಲಿಸಿಟರ್ ಸಂಸ್ಥೆಗಳು ತಮ್ಮ ದರವನ್ನೂ ಅದರಲ್ಲಿ ಏನೇನು ಸೇರಿದೆ ಅನ್ನೋದನ್ನೂ ವೆಬ್‌ಸೈಟ್‌ನಲ್ಲಿ ಹಾಕಲೇಬೇಕು. ಎಲ್ಲರ ಕಾಗದ ಒಂದೇ ತರಹ ಇರಲ್ಲ, ಮೊದಲೇ ದರ ಹೇಳೋಕಾಗಲ್ಲ ಅಂತ ನಮ್ಮ ವಕೀಲರು ಹೇಳಬಹುದು. ನಿಜ. ದರ ಹೇಳದಿದ್ದರೂ ಪರವಾಗಿಲ್ಲ, ಯಾವ್ಯಾವ ಕೆಲಸ ಮಾಡ್ತೀವಿ ಅಂತ ಬರೆದು ಕೊಡಬಹುದಲ್ಲ? ಪ್ರತಿ ಉಪನೋಂದಣಿ ಕಚೇರಿಯ ಗೋಡೆ ಮೇಲೆ ‘ಇಲ್ಲಿ ಹಕ್ಕಿನ ಪರಿಶೀಲನೆ ಆಗುವುದಿಲ್ಲ’ ಅಂತ ಒಂದು ಬೋರ್ಡಾದರೂ ಹಾಕಬಹುದಲ್ಲ?

ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಇಷ್ಟು. ಸರ್ಕಾರದ ಹಣವನ್ನು ಬೇರೆ ಇಡಿ, ಸಾಧ್ಯವಾದರೆ ನೀವೇ ಕಟ್ಟಿ. ಪತ್ರ ಬರೆಯೋಕೆ ಎಷ್ಟು, ಕಾಗದ ನೋಡೋಕೆ ಎಷ್ಟು ಅಂತ ಬೇರೆ ಬೇರೆ ಕೇಳಿ. ಎಷ್ಟು ವರ್ಷದ ಹಿಂದಿನವರೆಗೆ ನೋಡ್ತೀರಿ, ವಂಶಾವಳಿ ನೋಡ್ತೀರಾ, ಅಭಿಪ್ರಾಯ ಬರೆದು ಸಹಿ ಮಾಡಿ ಕೊಡ್ತೀರಾ ಅಂತ ಕೇಳಿ. ಇದೆಲ್ಲ ಸಂಚಕಾರ ಕೊಡೋ ಮೊದಲು. ನಮಗೆ ಆ ಹನ್ನೊಂದು ಸಾವಿರ ದೊಡ್ಡದಾಗಿ ಕಂಡಿತ್ತು. 30 ಲಕ್ಷದಲ್ಲಿ ಅದು ಶೇಕಡಾ ಅರ್ಧವೂ ಅಲ್ಲ.

ಕೊನೆಗೆ ಪತ್ರ ಆದ ದಿನದ ಮಾತು. ಸಹಿ ಮಾಡೋ ಮುಂಚೆ ಆ ಹಿರಿಯಕ್ಕ ಪತ್ರವನ್ನು ನಮ್ಮ ಕೈಗೆ ಕೊಟ್ಟು, “ಓದಿ ಹೇಳ್ರಿ, ನಮಗ ಓದಾಕ ಬರೂದಿಲ್ಲ” ಅಂದರು. ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾವಿಬ್ಬರು ‘ಚಕ್ಕುಬಂದಿ’, ‘ಬರೆಸಿಕೊಂಡವರು’ ಅಂತ ತಡವರಿಸುತ್ತ ಪೂರ್ತಿ ಓದಿದ್ವಿ. ನಾವೂ ಪೂರ್ತಿ ಓದಿದ್ದು ಅವತ್ತೇ ಮೊದಲು. ಎಲ್ಲ ಕೇಳಿಸಿಕೊಂಡು ಅವರು ಕೇಳಿದರು: “ಇಷ್ಟ ಬರದದ್ದಕ್ಕ ಎಷ್ಟ ಕೊಟ್ರಿ?”

ಹನ್ನೆರಡು ಸಾವಿರ ಅಂದ್ವಿ.

“ಅದರಾಗ ಓದಿ ಹೇಳೂದು ಇರಲಿಲ್ಲೇನು?”