ಮೊದಲು ಕನ್ನಡ ಟೈಪಿಂಗ್ ಕಲಿಸೋಣ

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕಂಪ್ಯೂಟರ್ ಹೊಸತಲ್ಲ. ಕೇರಳದ ಶಾಲೆಗಳಲ್ಲಿ 2001ರಲ್ಲಿ ಶುರುವಾದ 'ಐಟಿ ಅಟ್ ಸ್ಕೂಲ್' ಯೋಜನೆ 2017ರಲ್ಲಿ 'ಕೈಟ್' ಸಂಸ್ಥೆಯಾಯಿತು. ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಎಲ್ಲ ಬಂದವು. ಆದರೂ ಹತ್ತನೇ ತರಗತಿ ಮುಗಿಸಿದ ಹಲವು ಮಕ್ಕಳು ಕನ್ನಡದಲ್ಲಿ ಒಂದು ಅರ್ಜಿ ಟೈಪ್ ಮಾಡಲು ತಡವರಿಸುತ್ತಾರೆ. ಕೊನೆಗೆ ಹಣ ಕೊಟ್ಟು ಬೇರೆಯವರಿಂದ ಮಾಡಿಸುತ್ತಾರೆ.

"ಕನ್ನಡ ಟೈಪಿಂಗ್ ಕಲಿತು ಏನು ಪ್ರಯೋಜನ ಮಾಸ್ಟ್ರೇ? ಇಲ್ಲಿ ಕೆಲಸಕ್ಕೆ ಬೇಕಾದ್ದು ಮಲಯಾಳ ಅಲ್ವಾ?" ಎಂದು ಹೆತ್ತವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಉತ್ತರ ಕೀಲಿಮಣೆಯಲ್ಲೇ ಇದೆ.

ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ನಮ್ಮ ಭಾಷೆಗಳ ಸಮಾನ ಅಕ್ಷರಗಳಿಗೆ ಒಂದೇ ಜಾಗ. ಇಂಗ್ಲಿಷಿನ 'ಕೆ' ಕೀಲಿ ಒತ್ತಿದರೆ ಕನ್ನಡದ 'ಕ'. ಭಾಷೆ ಬದಲಿಸಿ ಅದನ್ನೇ ಒತ್ತಿದರೆ ಮಲಯಾಳದ 'ಕ'. ಸ್ವರಗಳು ಎಡಗೈಗೆ, ಹೆಚ್ಚಿನ ವ್ಯಂಜನಗಳು ಬಲಗೈಗೆ. ಒತ್ತಕ್ಷರ ಬೇಕೆಂದರೆ ನಡುವೆ 'ಡಿ' ಕೀಲಿ. ಎರಡು ಭಾಷೆಗೂ ಇದೇ ಕ್ರಮ. ಕನ್ನಡದಲ್ಲಿ ಕೈ ಪಳಗಿದ, ಮಲಯಾಳ ಓದಲು ಬಲ್ಲ ಮಗು ಚಿಲ್ಲಕ್ಷರದಂಥ ಕೆಲವನ್ನಷ್ಟೇ ಹೊಸದಾಗಿ ಕಲಿತರೆ ಸಾಕು.

ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಬಳಸಿ ಕನ್ನಡ ಬರೆಯುವ ಅಭ್ಯಾಸದಿಂದ ಈ ಲಾಭವಿಲ್ಲ. ಕಾಗುಣಿತವೂ ಕೈತಪ್ಪುತ್ತದೆ.

ಇದಕ್ಕೆ ಹೊಸ ಯೋಜನೆ, ಅನುದಾನ ಯಾವುದೂ ಬೇಡ. ಐದನೇ ತರಗತಿಯಿಂದಲೇ ಕಂಪ್ಯೂಟರ್ ಅವಧಿಯಲ್ಲಿ ಕನ್ನಡ ಪಾಠಪುಸ್ತಕದ ನಾಲ್ಕು ಸಾಲು ಟೈಪ್ ಮಾಡಿಸಿದರಾಯಿತು. ಮಲಯಾಳ ಬೇಕೆಂದು ಕನ್ನಡ ಬಿಡಬೇಕಾಗಿಲ್ಲ, ಕನ್ನಡದ ದಾರಿಯಲ್ಲೇ ಅಲ್ಲಿಗೂ ಹೋಗಬಹುದು. ಗಡಿಯ ಇತರ ಶಾಲೆಗಳ ಶಿಕ್ಷಕ ಮಿತ್ರರೇ, ನೀವೇನಂತೀರಿ?