ಪಾದವೋ ಪಾದರಕ್ಷೆಯೋ

“ಹಾಸಿಗೆ ಇದ್ದಷ್ಟು ಕಾಲು ಚಾಚು” ಎಂದರು ನಮ್ಮ ಹಿರಿಯರು. ಇಂದಿನ ಜೋಡಿನ ವ್ಯಾಪಾರಿಗಳು ಒಂದು ಹೆಜ್ಜೆ ಮುಂದೆ ಹೋಗಿ, ಜೋಡು ಇದ್ದಷ್ಟು ಕಾಲು ಮುದುಡು ಎನ್ನುತ್ತಿದ್ದಾರೆ. ಸ್ಕೇಟ್‌ಬೋರ್ಡ್ ಆಟದ ಜೋಡುಗಳಲ್ಲಿ ಈ ಅನ್ಯಾಯ ಎದ್ದು ಕಾಣುತ್ತದೆಂಬುದು ನನ್ನ ಅಭಿಪ್ರಾಯ. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಜೋಡಿನ ಮಾತೇಕೆಂದು ಅಧ್ಯಾಪಕರು ಹುಬ್ಬೇರಿಸಬಹುದು. ನಾಲ್ಕು ಗಾಲಿಯ ಹಲಗೆಗೂ ಅದರ ಮೇಲೆ ನಿಂತವನಿಗೂ ನಡುವೆ ಇರುವುದು ಅದೊಂದೇ ಎಂಬುದನ್ನು ನೆನೆದು ಕ್ಷಮಿಸುವರೆಂದು ನಂಬಿದ್ದೇನೆ.

ಆಟ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಮೊದಲ ಬಾರಿಗೆ ಸ್ಥಾನ ದೊರೆಯಿತು. ಅದೇ ಸೀಮೆಯ ಅನಹೈಮ್‌ನಲ್ಲಿ 1966ರಲ್ಲಿ ವ್ಯಾನ್ಸ್ ಸಂಸ್ಥೆ ಆರಂಭವಾದಾಗ ಅದರ ಕಣ್ಣು ಈ ಆಟದವರ ಮೇಲಿರಲಿಲ್ಲ. ಹಲಗೆಯನ್ನು ಹಿಡಿದು ನಿಲ್ಲುವ ಅದರ ರಬ್ಬರ್ ತಳವನ್ನು ಹುಡುಗರೇ ಕಂಡುಹಿಡಿದು ಮೆಚ್ಚಿಕೊಂಡರು. 1976ರಲ್ಲಿ ಟೋನಿ ಆಲ್ವಾ, ಸ್ಟೇಸಿ ಪೆರಾಲ್ಟಾ ಎಂಬ ಆಟಗಾರರ ಸಲಹೆ ಪಡೆದು, ಕಾಲಿನ ಗಿಣ್ಣಿನ ಸುತ್ತ ಮೆತ್ತೆಯಿಟ್ಟ ಜೋಡನ್ನು ತಂದರು. ಈ ಆಟದಲ್ಲಿ ಒಂದು ಕಾಲಿನದು ಬೇಗ ಸವೆಯುವುದರಿಂದ ಒಂಟಿ ಜೋಡನ್ನೂ ಮಾರುತ್ತಿದ್ದರಂತೆ. ಗಿರಾಕಿಯ ಕಾಲು ನೋಡಿ ವ್ಯಾಪಾರ ಮಾಡುವುದೆಂದರೆ ಇದಲ್ಲವೆ?

ಸವೆಯುವುದಕ್ಕೆ ಕಾರಣವಿದೆ. ಹಲಗೆಯ ಮೇಲೆ ಉಪ್ಪುಕಾಗದದಂಥ ಒರಟು ಹೊದಿಕೆ ಇರುತ್ತದೆ. ‘ಆಲೀ’ ಎಂಬ ನೆಗೆತದಲ್ಲಿ ಮುಂಗಾಲಿನ ಕಿರುಬೆರಳ ಬದಿಯನ್ನು ಅದಕ್ಕೆ ಉಜ್ಜಿಕೊಂಡೇ ಹಲಗೆಯನ್ನು ಮೇಲಕ್ಕೆ ಸೆಳೆಯಬೇಕು. ಆ ಗಳಿಗೆಯಲ್ಲಿ ಬೆರಳಿಗೆ ಹಲಗೆಯ ಅಂಚು ತಿಳಿಯಬೇಕು. ಜೋಡು ಸಡಿಲವಾದರೆ ತಿಳಿಯದು, ಬಿಗಿಯಾದರೆ ಬೆರಳಿಗೆ ಜೀವವೇ ಇರದು. ಹೀಗಾಗಿ ನಡೆಯುವವನು ಸಹಿಸಿಕೊಳ್ಳುವ ತಪ್ಪಳತೆಯನ್ನು ಈ ಆಟದವನು ಸಹಿಸಲಾರ.

ಆದರೆ ಅಂಗಡಿಯಲ್ಲಿ ಕೇಳುವುದು ನಂಬರನ್ನು ಮಾತ್ರ. ನಮ್ಮಲ್ಲಿ ಬಳಕೆಯಲ್ಲಿರುವ ಇಂಗ್ಲಿಷ್ ಅಳತೆಯಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಅಂತರ ಅಂಗುಲದ ಮೂರನೆಯ ಒಂದು ಪಾಲು, ಅಂದರೆ ಸುಮಾರು 8.5 ಮಿಲಿಮೀಟರು. ಅದು ಉದ್ದದ ಲೆಕ್ಕ; ಅಗಲದ ಬಗ್ಗೆ ಮೌನ. ಅಮೆರಿಕದಲ್ಲಿ ಅಗಲಕ್ಕೂ ಅಕ್ಷರಗಳುಂಟು: ಗಂಡಸರಿಗೆ ಸಾಧಾರಣ ಅಗಲ ‘ಡಿ’, ಹೆಚ್ಚಿನದು ‘2ಇ’. ಸ್ಕೇಟ್ ಜೋಡುಗಳಾದರೋ ಬಹುಪಾಲು ಒಂದೇ ಅಗಲದಲ್ಲಿ ಬರುತ್ತವೆ.

ನನ್ನದು ಅಗಲವಾದ ಪಾದ. ಬೆರಳುಗಳು ಒಂದರ ಮೇಲೊಂದು ಹತ್ತಿದಾಗ ಅಂಗಡಿಯವನು, “ನಾಲ್ಕು ದಿನ ಹಾಕಿ ಸಾರ್, ತಾನೇ ಸಡಿಲ ಆಗುತ್ತೆ” ಎಂದ. ಮೆದುಚರ್ಮ ತುಸು ಹಿಗ್ಗೀತು, ರಬ್ಬರಿನ ಅಂಚು ಹಿಗ್ಗದು. ಒಪ್ಪದಿದ್ದಾಗ ಒಂದು ನಂಬರು ದೊಡ್ಡದನ್ನು ತಂದ. ಅಗಲ ಸರಿಹೋಯಿತು, ಆದರೆ ಮುಂದೆ ಖಾಲಿ, ಹಿಮ್ಮಡಿ ಎದ್ದೇಳುವುದು, ಬೆರಳ ಬುಡ ಬಾಗುವ ಕಡೆ ಜೋಡು ಬಾಗದು. ಎರಡನ್ನೂ ಅಲ್ಲಿಯೇ ಬಿಟ್ಟು ಬಂದೆ. ಕೆಲವು ಸಾವಿರ ರೂಪಾಯಿ ಕೊಟ್ಟು ನೋವನ್ನು ಕೊಳ್ಳುವಷ್ಟು ಉದಾರತೆ ವಿದ್ಯಾರ್ಥಿಯ ಜೇಬಿಗಿಲ್ಲ.

ಅಗಲ ಪಾದ ಒಂದು ದೋಷವೆಂಬಂತೆ ಮಾತನಾಡುವವರನ್ನು ನಾನು ಒಪ್ಪಲಾರೆ. ಬರಿಗಾಲಿನಲ್ಲಿ ಬೆಳೆದ ಭಾರತೀಯರ ಪಾದಗಳು ಹೆಚ್ಚು ಅಗಲವೆಂದು 2009ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿತು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021-22ರಲ್ಲಿ ದೇಶದಾದ್ಯಂತ ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆಸಿದರು. ಅದರ ಆಧಾರದ ಮೇಲೆ ‘ಭಾ’ ಎಂಬ ನಮ್ಮದೇ ಅಳತೆಯ ಪ್ರಸ್ತಾಪ 2024ರಲ್ಲಿ ಸುದ್ದಿಯಾಯಿತು. ನಮ್ಮವರ ಪಾದ ಯುರೋಪು, ಅಮೆರಿಕದವರದಕ್ಕಿಂತ ಅಗಲವೆಂಬುದು ಅಲ್ಲಿಯೂ ಕಂಡುಬಂದಿತು. ಅಂದಮೇಲೆ ದೋಷ ಅಚ್ಚಿನದು, ಪಾದದ್ದಲ್ಲ.

ಬೇರೆ ಬೇರೆ ಪಾದಗಳಿಗೆ ಬೇರೆ ಬೇರೆ ಕಷ್ಟ. ಚಪ್ಪಟೆ ಪಾದ ಭಾರ ಬಿದ್ದಾಗ ತುಸು ಉದ್ದವಾಗುತ್ತದೆ. ಕುಳಿತು ಅಳೆದರೆ ಮೋಸ. ಮೇಲುಭಾಗ ಎತ್ತರವಿರುವವರಿಗೆ ಲೇಸು ಒತ್ತುತ್ತದೆ, ಒಂದು ತೂತು ಬಿಟ್ಟು ಕಟ್ಟಿದರೆ ಪರಿಹಾರ. ಎರಡನೆಯ ಬೆರಳು ಉದ್ದವಿದ್ದ ಹೆಣ್ಣು ಗಂಡನನ್ನು ಆಳುತ್ತಾಳೆಂಬ ಮಾತುಂಟು. ಆಳುವಳೋ ಇಲ್ಲವೋ, ಜೋಡನ್ನು ಮಾತ್ರ ಆ ಬೆರಳಿನಿಂದಲೇ ಅಳೆಯಬೇಕು. ತಳದಲ್ಲಿಯೂ ಎರಡು ಬಗೆ. ರಬ್ಬರನ್ನು ಮೇಲುಹೊದಿಕೆಗೆ ಸೇರಿಸಿ ಒಲೆಯಲ್ಲಿ ಬೇಯಿಸಿದ ತೆಳುತಳದಲ್ಲಿ ಹಲಗೆ ಚೆನ್ನಾಗಿ ತಿಳಿಯುತ್ತದೆ. ಬಟ್ಟಲಿನಂತೆ ಎರಕ ಹೊಯ್ದು ಹೊಲಿದ ದಪ್ಪತಳ ಎತ್ತರದಿಂದ ಜಿಗಿಯುವವರ ಹಿಮ್ಮಡಿಯನ್ನು ಕಾಯುತ್ತದೆ.

ತಯಾರಕರು ಪ್ರತಿ ನಂಬರಿಗೂ ಎರಡು ಅಗಲವನ್ನಾದರೂ ಕೊಡಬೇಕೆಂಬುದು ನನ್ನ ಬೇಡಿಕೆ. ಖರ್ಚು ಹೆಚ್ಚುತ್ತದೆ, ಮಾರದ ಸರಕು ಉಳಿಯುತ್ತದೆ ಎನ್ನುತ್ತಾರೆ. ಅಗಲ ಸಾಲದೆ ಹಿಂತಿರುಗಿ ಬರುವ ಜೋಡುಗಳ ಖರ್ಚನ್ನೂ ಅವರು ಕೂಡಿಸಿ ನೋಡಲಿ. ಅಲ್ಲಿಯವರೆಗೆ ಸಂಜೆ, ಪಾದ ತುಸು ಊದಿರುವ ಹೊತ್ತಿನಲ್ಲಿ, ಕಾಲುಚೀಲ ತೊಟ್ಟು ಕಾಗದದ ಮೇಲೆ ನಿಂತು ಎರಡೂ ಪಾದಗಳ ಗೆರೆ ಎಳೆಸಿಕೊಳ್ಳಿ. ಎರಡೂ ಸಮವಿರುವುದು ಅಪರೂಪ. ದೊಡ್ಡದನ್ನೇ ಲೆಕ್ಕಕ್ಕೆ ಹಿಡಿಯಿರಿ. ಅಂಗಡಿಯಲ್ಲಿ ಜೋಡಿನೊಳಗಿನ ಮೆತ್ತೆಯನ್ನು ಹೊರತೆಗೆದು ಆ ಚಿತ್ರದ ಮೇಲಿಡಿ. ಗೆರೆ ಹೊರಗೆ ಚಾಚಿದರೆ ಆ ಜೋಡು ಬೇಡ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ. ಮಿತ್ರರಲ್ಲಿ ಯಾರಿಗಾದರೂ ಗೆರೆ ಎಳೆಸಿಕೊಳ್ಳುವ ಮನಸ್ಸಿದ್ದರೆ, ಕಾಗದವೂ ಪೆನ್ಸಿಲೂ ನನ್ನ ಚೀಲದಲ್ಲಿವೆ.