ಸಂಗೀತದ ಪದವಿ: ಒಂದು ಪ್ರತ್ಯುತ್ತರ

ಕಳೆದ ಮಾಸದ ಸಭೆಯಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಸಂಗೀತಶಿಕ್ಷಣವನ್ನು ಕುರಿತು ಭಾಷಣ ಮಾಡಿದರು. ಸಭಿಕರು ಬಹಳ ಕರತಾಡನ ಮಾಡಿದರು. ಮಾಡಿದವರಲ್ಲಿ ನಾನೂ ಒಬ್ಬನು. ಮನೆಗೆ ಬಂದ ಮೇಲೆ ಪಶ್ಚಾತ್ತಾಪವಾಯಿತು. ಅವರ ಮತದ ಸಾರವಿಷ್ಟು: ವಿಶ್ವವಿದ್ಯಾಲಯದಲ್ಲಿ ಸಂಗೀತದ ಪದವಿಗಾಗಿ ಓದುವದು ಕಾಲಹರಣ, ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇವರಲ್ಲಿ ಯಾರೂ ಹಾಗೆ ಓದಿದವರಲ್ಲ, ಆದುದರಿಂದ ಸಂಗೀತಕ್ಕೆ ಗುರುಗೃಹವೊಂದೇ ಗತಿ.

ಪಾಠಶಾಲೆಯ ನೆಲದ ಮೇಲೆ ಕುಳಿತು ಓದಿದ ನನ್ನಂಥವನು ಈ ಮಾತಿಗೆ ತಲೆದೂಗುವನೆಂದು ವಾಚಕರು ಎಣಿಸಬಹುದು. ಆದರೆ ಆ ಪಾಠಶಾಲೆಯೇ ನನಗೆ ತುಸು ತರ್ಕವನ್ನೂ ಕಲಿಸಿತು. ಪದವಿಯಿಲ್ಲದಿರುವದು ಗಾಯಕತ್ವಕ್ಕೆ ಹೇತುವಾದರೆ ಅದು ವ್ಯಭಿಚಾರಿ ಹೇತುವು. ನನಗೂ ಸಂಗೀತದ ಪದವಿಯಿಲ್ಲ, ನನ್ನ ಕಂಠವನ್ನು ಕೇಳಿದವರು ಯಾರೂ ಎರಡನೆಯ ಸಲ ಕೇಳಬಯಸಲಿಲ್ಲ. ಕಾಳಿದಾಸನು ಎಂ.ಎ. ಆಗಿರಲಿಲ್ಲವೆಂದು ಸಂಸ್ಕೃತದ ಎಂ.ಎ. ತರಗತಿಗಳನ್ನು ಮುಚ್ಚಬೇಕೆಂದು ಭಾಷಣಕಾರರೂ ಹೇಳಲಾರರು.

ಗುರುಗೃಹದ ಬಾಗಿಲು ಯಾರಿಗೆ ತೆರೆದಿತ್ತು ಎಂಬದನ್ನೂ ನೋಡಬೇಕಲ್ಲವೆ? ಗಂಗೂಬಾಯಿಯವರ ಉದಾಹರಣೆಯನ್ನು ಅವರೇ ಎತ್ತಿದ್ದಾರೆ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಬಾಲೆ ಗಂಗೂಬಾಯಿ ಸ್ವಾಗತಗೀತೆಯನ್ನು ಹಾಡಿದಾಗ, ಊಟವಾದ ಮೇಲೆ ತನಗೆ ಎಂಜಲು ತೆಗೆಯಲು ಹೇಳುವರೋ ಏನೋ ಎಂಬ ಅಂಜಿಕೆ ಒಳಗೊಳಗೇ ಇದ್ದಿತೆಂದು ಆಕೆಯೇ ಮುಂದೆ ನೆನೆದುಕೊಂಡಿದ್ದಾರೆ. ಸವಾಯಿ ಗಂಧರ್ವರಂಥ ಗುರುವು ಸಮೀಪದ ಕುಂದಗೋಳದಲ್ಲಿದ್ದುದರಿಂದ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಕಲಿತು ಬರಲು ಸಾಧ್ಯವಾಯಿತು. ರೈಲಿಲ್ಲದ ಊರಿನಲ್ಲಿ, ಗುರುವಿಲ್ಲದ ಊರಿನಲ್ಲಿ, ಅಂಥ ಅಂಜಿಕೆಯಿಂದಲೇ ಬಾಯಿ ಮುಚ್ಚಿದ ಹುಡುಗಿಯರ ಹೆಸರುಗಳನ್ನು ನಾವು ಅರಿಯೆವು. ಐದನೆಯ ಇಯತ್ತೆಗೆ ಶಾಲೆ ಬಿಟ್ಟ ಆ ಮಹಾಗಾಯಿಕೆಯ ಹೆಸರಿನಲ್ಲಿ ಇಂದು ಮೈಸೂರಿನಲ್ಲಿ ಸಂಗೀತ ವಿಶ್ವವಿದ್ಯಾಲಯವಿದೆ. ಅಲ್ಲಿಯ ಅರ್ಜಿಯೂ ಜಾತಿಯನ್ನು ಕೇಳುತ್ತದೆ, ನಿಜ. ಬಾಗಿಲು ತೆರೆಯುವದಕ್ಕೆ ಕೇಳುತ್ತದೆ, ಮುಚ್ಚುವದಕ್ಕಲ್ಲ.

ಇನ್ನು ಘರಾಣೆಗಳ ಔದಾರ್ಯದ ಮಾತು. ಅನೇಕ ಮನೆತನಗಳು ಚೀಜುಗಳನ್ನು ನಿಧಿಯಂತೆ ಹೂತಿಟ್ಟಿದ್ದವು. ಅವುಗಳನ್ನು ಬೇಡಿ, ಕಾಡಿ, ಸಂಗ್ರಹಿಸಿ, ಸ್ವರಲಿಪಿಯಲ್ಲಿ ಬರೆದು ಅಚ್ಚು ಹಾಕಿಸಿದ ಭಾತಖಂಡೆಯವರೇ 1926ರಲ್ಲಿ ಲಖನೌದ ಸಂಗೀತ ವಿದ್ಯಾಲಯಕ್ಕೆ ಕಾರಣಪುರುಷರಾದರು. ಪಲೂಸ್ಕರರು ಅದಕ್ಕೂ ಮೊದಲು, 1901ರಲ್ಲಿ, ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದಿದ್ದರು. ಇವರಿಬ್ಬರೂ ಗುರುಮುಖದಿಂದ ಕಲಿತವರೇ. ಆದರೂ ತರಗತಿಯನ್ನು ಹೀನವೆಂದು ಬಗೆಯಲಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಂತೆ ಅಂಧ ಬಾಲಕರಿಗೆ ಅನ್ನವನ್ನೂ ಸ್ವರವನ್ನೂ ಕೊಟ್ಟ ಗುರುಕುಲದ ಮುಂದೆ ನಾನು ಕೈಮುಗಿದು ನಿಲ್ಲುವೆನು. ಅಂಥವು ಊರಿಗೊಂದಿದ್ದರೆ ಈ ಲೇಖನವೇ ಬೇಕಿರಲಿಲ್ಲ.

ಹಾಗೆಂದು ವಿಶ್ವವಿದ್ಯಾಲಯಗಳ ವಕೀಲಿ ನನ್ನದಲ್ಲ. ನಾನು ಕಣ್ಣಾರೆ ಕಂಡ ಒಂದು ಸಂಗೀತ ವಿಭಾಗದಲ್ಲಿ ಹುಡುಗರನ್ನೂ ಹುಡುಗಿಯರನ್ನೂ ಒಂದೇ ಶ್ರುತಿಗೆ ಕೂಡಿಸಿದ್ದರು. ಕರಿ ಒಂದರಲ್ಲಿ ಹುಡುಗಿಯರು ಮಂದ್ರಕ್ಕಿಳಿದು ಗೊಣಗುತ್ತಿದ್ದರು. ಕರಿ ನಾಲ್ಕಕ್ಕೆ ಏರಿಸಿದರೆ ಹುಡುಗರು ತಾರದಲ್ಲಿ ಅರಚುತ್ತಿದ್ದರು. ರಾಗವು ಬಿಚ್ಚಿಕೊಳ್ಳುವ ಹೊತ್ತಿಗೆ ಗಂಟೆ ಹೊಡೆಯಿತು! ಭೂಪಾಲಿ ಮತ್ತು ದೇಶಕಾರ ಇವೆರಡರ ಸ್ವರಗಳೂ ಅವೇ ಐದು, ಮೊದಲನೆಯದರಲ್ಲಿ ಗಾಂಧಾರವು ವಾದಿ, ಎರಡನೆಯದರಲ್ಲಿ ಧೈವತವು ವಾದಿ ಎಂದು ಬರೆದ ವಿದ್ಯಾರ್ಥಿಗೆ ಪೂರ್ಣಾಂಕ ದೊರೆಯಿತು. ಭೂಪಾಲಿಯನ್ನು ಹಾಡೆಂದಾಗ ಆತನು ಎರಡನೆಯ ಆವರ್ತನಕ್ಕೇ ದೇಶಕಾರಕ್ಕೆ ಜಾರಿದನು, ಜಾರಿದುದು ಅವನಿಗೇ ತಿಳಿಯಲಿಲ್ಲ. ಟಿಪ್ಪಣಿಯನ್ನು ಉರುಹೊಡೆದವನ ಕಿವಿಯು ಕಿವುಡಾಗಿಯೇ ಉಳಿಯಿತು.

ಈ ದೋಷಕ್ಕೆ ಮದ್ದು ನಮ್ಮಲ್ಲಿಯೇ ಇದೆ. ಪಾಠಶಾಲೆಯಲ್ಲಿ ಶಲಾಕಾ ಪರೀಕ್ಷೆ ಎಂಬದೊಂದಿತ್ತು. ಗುರುಗಳು ಮುಚ್ಚಿದ ಗ್ರಂಥದೊಳಗೆ ಕಡ್ಡಿಯನ್ನು ತೂರಿಸುವರು. ಯಾವ ಪುಟ ತೆರೆಯಿತೋ ಅಲ್ಲಿಂದಲೇ ವ್ಯಾಖ್ಯಾನ ಮಾಡಬೇಕು. ಕೌಮುದಿಯ ಕಾರಕಪ್ರಕರಣದಲ್ಲಿ ಕಡ್ಡಿ ನಿಂತ ದಿನ ನನ್ನ ಅಂಗೈ ಬೆವೆತುದು ಇಂದಿಗೂ ನೆನಪಿದೆ. ಸಂಗೀತದ ಪದವೀಪರೀಕ್ಷೆಯೂ ಹಾಗೆಯೇ ಆಗಲಿ. ಮೂರು ವರ್ಷ ಕಲಿತ ರಾಗಗಳ ಹೆಸರುಗಳನ್ನು ಚೀಟಿಯಲ್ಲಿ ಬರೆದು ಹಾಕಲಿ. ವಿದ್ಯಾರ್ಥಿಯು ಒಂದನ್ನೆತ್ತಿ, ತನ್ನ ಶ್ರುತಿಯಲ್ಲಿ ಅರ್ಧ ತಾಸು ಹಾಡಲಿ. ಆಮೇಲೆ ತಾನು ಹಾಡಿದುದನ್ನೇ ಲಕ್ಷಣಸಹಿತ ವಿವರಿಸಲಿ. ಶಾಸ್ತ್ರದ ಅಂಕವೂ ಅಲ್ಲಿಯೇ ಸಲ್ಲಲಿ. ಪರೀಕ್ಷಕರಿಗೆ ಹೊತ್ತು ಹೆಚ್ಚು ಹಿಡಿಯುವದೆಂಬ ಆಕ್ಷೇಪವನ್ನು ಬಲ್ಲೆನು, ಹಿಡಿಯಲಿ.

ಇಷ್ಟು ಅವಸರದಿಂದ ಬರೆಯಲು ಕಾರಣವಿದೆ. ನನ್ನಲ್ಲಿ ಸಂಸ್ಕೃತ ಓದಲು ಬರುವ ನಮ್ಮ ಓಣಿಯ ಹುಡುಗಿಯೊಬ್ಬಳು ಈ ವರ್ಷ ಪಿ.ಯು.ಸಿ. ಮುಗಿಸಿದ್ದಾಳೆ. ಕಂಠವೂ ಇದೆ, ಕಿವಿಯೂ ಇದೆ. ಸಂಗೀತದ ಪದವಿಗೆ ಸೇರಬೇಕೆಂದು ಹಟ ಹಿಡಿದಿದ್ದಾಳೆ. ಅವಳ ತಂದೆಯು ಅಂದಿನ ಸಭೆಯಲ್ಲಿ ಮುಂದಿನ ಸಾಲಿನಲ್ಲಿದ್ದನು. ಭಾಷಣ ಕೇಳಿ ಬಂದವನೇ ಸಹಿ ಮಾಡಬೇಕಾದ ಅರ್ಜಿಯನ್ನು ಮಡಚಿಟ್ಟನು. ಗುರುಗೃಹಕ್ಕಾದರೂ ಕಳಿಸುವೆಯಾ ಎಂದು ಕೇಳಿದೆನು. ಹೆಣ್ಣುಮಗಳನ್ನು ಪರರ ಮನೆಯಲ್ಲಿ ಬಿಡುವದು ಹೇಗೆ ಎಂದನು.

ಅರ್ಜಿಯು ಈಗ ನನ್ನ ಮೇಜಿನ ಮೇಲಿದೆ. ಕೊನೆಯ ದಿನಕ್ಕೆ ಇನ್ನೂ ಎರಡು ವಾರಗಳಿವೆ. ಬರುವ ಗುರುವಾರ ಸಂಜೆ ಆ ಹುಡುಗಿ ನಮ್ಮ ಮನೆಯಲ್ಲಿ ಹಾಡುವಳು. ತಂದೆಯೂ ಬರಲು ಒಪ್ಪಿದ್ದಾನೆ. ಭಾಷಣ ಮಾಡಿದ ಮಹನೀಯರೂ ದಯಮಾಡಿಸಬೇಕು. ರಾಗದ ಚೀಟಿಯನ್ನು ಅವರೇ ಎತ್ತಲಿ.